ಮುಂಬೈ ಮಾಟುಂಗಾದ ನೋಟರಿ ಆಫೀಸು: ಲಿವಿಂಗ್ ವಿಲ್‌ಗೆ ಹೋಗಬಹುದು

ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಈಗಲೇ ಬರೆದಿಡುವ ಪತ್ರವೇ ಲಿವಿಂಗ್ ವಿಲ್. ಅದನ್ನು ಇಲ್ಲಿ ಚೆನ್ನಾಗಿ ಮಾಡಿಕೊಟ್ಟರು, ಕೂರಲು ಮಾತ್ರ ಜಾಗವಿಲ್ಲ. ಜೆರಾಕ್ಸ್ ಅಂಗಡಿಯ ಮೇಲಿದೆ, ಮೆಟ್ಟಿಲು ಕಡಿದು. ಮಂಡಿ ನೋವಿನವರು ಫೋನ್ ಮಾಡಿದರೆ ವಕೀಲರೇ ಕೆಳಗಿಳಿದು ಬರುತ್ತಾರೆ.

"ವೆಂಟಿಲೇಟರ್ ಬೇಡ ಅಂತ ಬರೆಸಬೇಕು" ಎಂದರೆ ಗುಮಾಸ್ತ ಆಸ್ತಿ ವಿಲ್‌ನ ಫಾರಂ ತೆಗೆದ! ವಕೀಲರು ವಿಷಯ ಬಲ್ಲವರು. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಲಿವಿಂಗ್ ವಿಲ್‌ಗೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಈಗಲೂ ಅಪರಾಧವೇ. ಇದು ಚಿಕಿತ್ಸೆ ನಿಲ್ಲಿಸುವುದಷ್ಟೇ, ಅದಕ್ಕೂ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. "ನೀನು ಸಾಯೋಕೆ ಅರ್ಜಿ ಹಾಕ್ತಿದ್ದೀಯಾ?" ಎಂದು ಜಗಳಕ್ಕೆ ನಿಂತ ನಮ್ಮ ಯಜಮಾನರಿಗೂ ಬೇಸರಿಸದೆ ಬಿಡಿಸಿ ಹೇಳಿದರು.

ಇದೇ ಊರಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಮ್ಮ ಹಳದೀಪುರದ ಅರುಣಾ ಶಾನಭಾಗ್, ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, 1973ರಿಂದ 2015ರಲ್ಲಿ ತೀರಿಕೊಳ್ಳುವವರೆಗೆ ಹಾಸಿಗೆಯಲ್ಲೇ ಇದ್ದರು. ಅವರಿಗೇನು ಬೇಕಿತ್ತು ಅಂತ ಕೇಳುವ ದಾರಿಯೇ ಇರಲಿಲ್ಲ, ಅಲ್ವಾ? ನೋಡಿಕೊಂಡ ನರ್ಸ್‌ಗಳು ದಯಾಮರಣ ಬೇಡ ಎಂದರು. ಅವರದ್ದು ತಪ್ಪು ಅನ್ನಲಾರೆ. ಆದರೆ ನನ್ನ ಮಕ್ಕಳ ತಲೆಗೆ ಅಂಥ ನಿರ್ಧಾರದ ಭಾರ ಬೇಡ.

ಫೀಸು ಮೊದಲೇ ಕೇಳಿಕೊಳ್ಳಿ, ತಾವಾಗಿ ಹೇಳುವುದಿಲ್ಲ. ಶನಿವಾರ ಹೋಗಬೇಡಿ, ಬಾಡಿಗೆ ಕರಾರಿನವರ ನೂಕುನುಗ್ಗಲು ಜಾಸ್ತಿ.