ದೂರ ಪ್ರಯಾಣಕ್ಕೆ ಪೋರ್ಟಬಲ್ ಫ್ರೀಜರ್: ಯಾವುದನ್ನು ಕೊಳ್ಳಬಹುದು, ಎಲ್ಲಿ ಕೈಕೊಡುತ್ತದೆ

'ಕಾರ್ ಫ್ರಿಜ್' ಅಂತ ಮಾರಾಟವಾಗುವ ಎಷ್ಟೋ ಡಬ್ಬಿಗಳಿಗೆ ಐಸ್ ಕಟ್ಟುವ ತಾಕತ್ತೇ ಇಲ್ಲ. ಕೈಯಲ್ಲಿ ಎತ್ತಿದರೆ ಹಗುರ, ಬೆಲೆ ಕಡಿಮೆ, ಮೇಲೆ 'ತಂಪು, ಬಿಸಿ ಎರಡೂ' ಅಂತ ಬರೆದಿದೆ ಎಂದರೆ ಅದು, ಕಂಪ್ರೆಸರ್ ಇಲ್ಲದೆ ಕರೆಂಟ್ ಹರಿಸಿ ಒಂದು ಬದಿ ತಂಪು, ಇನ್ನೊಂದು ಬದಿ ಬಿಸಿ ಮಾಡುವ ಪೆಲ್ಟಿಯರ್ ಚಿಪ್‌ನದ್ದು. ಸುತ್ತಲಿನ ಉಷ್ಣತೆಗಿಂತ 15ರಿಂದ 20 ಡಿಗ್ರಿ ಕೆಳಗಿಳಿಸಿದರೆ ಅದರ ಕೆಲಸ ಮುಗಿಯಿತು. ಗಾಡಿಯೊಳಗೆ 40 ಡಿಗ್ರಿ ಇದ್ದಾಗ ಡಬ್ಬಿಯೊಳಗೆ 20ರ ಮೇಲೆಯೇ ಇರುತ್ತದೆ. ಅಷ್ಟಕ್ಕೇ 4–5 ಆಂಪಿಯರ್ ಬಿಡುವಿಲ್ಲದೆ ಎಳೆಯುತ್ತಿರುತ್ತದೆ. ಕಂಪ್ರೆಸರ್ ಬದಲು ಶಾಖದಿಂದಲೇ ತಂಪು ಮಾಡುವ, ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್‌ಗೆ ಸಮತಟ್ಟಾದ ನೆಲ ಬೇಕು, ಓಡುವ ಗಾಡಿಗೆ ಅದು ಹೊಂದುವುದಿಲ್ಲ. ಮುಚ್ಚಿದ ಗಾಡಿಯೊಳಗೆ ಅದನ್ನು ಗ್ಯಾಸಿನಲ್ಲಿ ಉರಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ, ಜೀವಕ್ಕೆ ಅಪಾಯ. ಹಾಗಾಗಿ ಮುಂದೆ ಹೇಳುವುದೆಲ್ಲ 12 ವೋಲ್ಟ್ ಕಂಪ್ರೆಸರ್ ಇರುವ ಡಬ್ಬಿಗಳ ಬಗ್ಗೆ ಮಾತ್ರ.

ಇವುಗಳಲ್ಲಿ ಹೆಸರು ಮಾಡಿದ್ದು ಡ್ಯಾನ್‌ಫಾಸ್ ಕಂಪ್ರೆಸರ್. ಈಗ ಅದು ಸೀಕಾಪ್ ಹೆಸರಲ್ಲಿ ಬರುತ್ತದೆ. ಅದರ ಬಿಡಿ35 ಮಾದರಿ ನಿಮಿಷಕ್ಕೆ 2000ದಿಂದ 3500 ಸುತ್ತಿನವರೆಗೆ ವೇಗ ಬದಲಿಸಿಕೊಂಡು ಓಡಬಲ್ಲದು. ಎಂಗೆಲ್ ಫ್ರಿಜ್‌ಗಳಲ್ಲಿರುವ ಸಾವಾಫುಜಿ ಸ್ವಿಂಗ್ ಮೋಟಾರ್‌ನ ದಾರಿಯೇ ಬೇರೆ: ತಿರುಗುವ ಬದಲು ಪಿಸ್ಟನ್ ನೇರವಾಗಿ ಹಿಂದೆ ಮುಂದೆ ಆಡುತ್ತದೆ, ಶುರುವಾಗುವಾಗ ಕರೆಂಟಿನ ಜಿಗಿತ ಕಡಿಮೆ, ಕುಲುಕಾಟ ತಡೆಯುತ್ತದೆ. ಆದರೆ ಅದರ ಹಳೆಯ ಮಾದರಿಗಳಲ್ಲಿ ಡಿಗ್ರಿ ತೋರಿಸುವ ಪರದೆ ಇಲ್ಲ, 1ರಿಂದ 5ರವರೆಗಿನ ಗುಂಡಿ ಅಷ್ಟೇ. ಹೆಸರಿಲ್ಲದ ಅಗ್ಗದ ಡಬ್ಬಿಗಳೂ ಖಾಲಿ ಇದ್ದಾಗ ಮೈನಸ್ 20 ತೋರಿಸುತ್ತವೆ, ಅದನ್ನು ನೋಡಿ ಮರುಳಾಗಬೇಡಿ. ಸಂಜೆ ಕರೆಂಟ್ ತೆಗೆದು ಬೆಳಿಗ್ಗೆ ಎಷ್ಟು ಡಿಗ್ರಿ ಉಳಿದಿದೆ ಎಂದು ನೋಡಿದರೆ ಗೋಡೆಯ ಫೋಮ್ ಎಷ್ಟು ದಪ್ಪ, ಮುಚ್ಚಳದ ರಬ್ಬರ್ ಎಷ್ಟು ಬಿಗಿ ಎಂಬುದು ಗೊತ್ತಾಗುತ್ತದೆ. ರಬ್ಬರ್ ಪರೀಕ್ಷೆ ಅಂಗಡಿಯಲ್ಲೇ ಆಗುತ್ತದೆ: ಒಂದು ಕಾಗದದ ಚೂರನ್ನು ಮುಚ್ಚಳದ ನಡುವೆ ಸಿಕ್ಕಿಸಿ ಎಳೆಯಿರಿ, ಸುತ್ತಲೂ ಎಲ್ಲಿಯೂ ಸಲೀಸಾಗಿ ಜಾರಿ ಬರಬಾರದು.

ಈ ಡಬ್ಬಿಗಳ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಒಂದೇ ತಪ್ಪು ಎಣಿಕೆಯಿಂದ ಹುಟ್ಟಿದ್ದು. ಹೆಪ್ಪುಗಟ್ಟಿದ್ದನ್ನು ಹಾಗೇ ಉಳಿಸುವುದು ಇವುಗಳ ಕೆಲಸ. ಬೆಚ್ಚಗಿನದನ್ನು ಹೆಪ್ಪುಗಟ್ಟಿಸುವುದು ಇವುಗಳಿಗೆ ಭಾರ. ಲೆಕ್ಕ ಹಾಕಿ ನೋಡಿ. 25 ಡಿಗ್ರಿಯ ಒಂದು ಕೆಜಿ ನೀರನ್ನು ಮೈನಸ್ 18ಕ್ಕೆ ತರಲು ಅದರಿಂದ ಸುಮಾರು 477 ಕಿಲೋಜೂಲ್, ಅಂದರೆ 132 ವ್ಯಾಟ್-ಅವರ್ ಶಾಖ ಹೊರಹಾಕಬೇಕು. ಅದರಲ್ಲಿ 334 ಕಿಲೋಜೂಲ್ ಬರೀ ನೀರು ಐಸ್ ಆಗುವ ಹಂತದಲ್ಲೇ ಹೋಗುತ್ತದೆ. 10 ಕೆಜಿ ತುಂಬಿಸಿದರೆ 1300 ವ್ಯಾಟ್-ಅವರ್ ದಾಟಿತು. 50 ವ್ಯಾಟಿನ ಕಂಪ್ರೆಸರ್ ಒಂದು ದಿನವಿಡೀ ನಿಲ್ಲದೆ ಓಡಿದರೂ ಸಾಲದು, ಬ್ಯಾಟರಿ ಅಷ್ಟರಲ್ಲಿ ಕೈ ಎತ್ತಿರುತ್ತದೆ. ಅದಕ್ಕೇ ಆಹಾರವನ್ನು ಹೊರಡುವ ಎರಡು ದಿನ ಮೊದಲೇ ಮನೆಯ ಫ್ರೀಜರಿನಲ್ಲಿ ಕಲ್ಲಾಗಿಸಿ. ಡಬ್ಬಿಯನ್ನೂ ಹಿಂದಿನ ರಾತ್ರಿಯೇ ಮನೆಯ ಕರೆಂಟಿಗೆ ಹಾಕಿ ಮೈನಸ್ 18ಕ್ಕೆ ಇಳಿಸಿ, ಆಮೇಲೆ ತುಂಬಿಸಿ. ಪೊಟ್ಟಣಗಳು ಒಂದೆರಡು ಸೆಂಟಿಮೀಟರ್ ದಪ್ಪದಲ್ಲಿ ಚಪ್ಪಟೆಯಾಗಿದ್ದರೆ ಬೇಗ ಗಟ್ಟಿಯಾಗುತ್ತವೆ, ಪುಸ್ತಕದಂತೆ ಸಾಲಾಗಿ ನಿಲ್ಲುತ್ತವೆ. ಸಾರಿನಂಥ ದ್ರವಗಳಿಗೆ ಡಬ್ಬದಲ್ಲಿ ಹತ್ತನೇ ಒಂದು ಭಾಗ ಖಾಲಿ ಬಿಡಿ, ಐಸ್ ಹಿಗ್ಗುತ್ತದೆ.

ಖಾಲಿ ಜಾಗ ಉಳಿದರೆ ಉಪ್ಪುನೀರಿನ ಪ್ಯಾಕ್ ಇಡಿ, ಬರೀ ನೀರಿನದಲ್ಲ. ಬರೀ ನೀರಿನ ಐಸ್ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ; ಆ ಹೊತ್ತಿಗೆ ಪಕ್ಕದ ಆಹಾರವೂ ಮೆತ್ತಗಾಗಿರುತ್ತದೆ. 850 ಗ್ರಾಂ ನೀರಿಗೆ 150 ಗ್ರಾಂ ಉಪ್ಪು ಕರಗಿಸಿದರೆ ಅದು ಹೆಪ್ಪುಗಟ್ಟಲು ಶುರುವಾಗುವುದೇ ಮೈನಸ್ 11ರ ಹತ್ತಿರ. ಕರೆಂಟ್ ಹೋದಾಗ ಅಷ್ಟರಲ್ಲೇ ಬಹಳ ಹೊತ್ತು ಹಿಡಿದಿಡುತ್ತದೆ. ಉಪ್ಪು ಇನ್ನೂ ಸುರಿದರೆ ಲಾಭವಿಲ್ಲ: 23 ಪ್ರತಿಶತಕ್ಕೆ ಮೈನಸ್ 21 ಬೇಕಾಗುತ್ತದೆ, ಮೈನಸ್ 18ರ ಡಬ್ಬಿಯಲ್ಲಿ ಅದು ನೀರಾಗಿಯೇ ಉಳಿಯುತ್ತದೆ.

ಇನ್ನು ಕರೆಂಟಿನ ವಿಷಯ. 40 ಲೀಟರಿನ ಡಬ್ಬಿ ಓಡುವಾಗ 45ರಿಂದ 60 ವ್ಯಾಟ್ ತೆಗೆದುಕೊಳ್ಳುತ್ತದೆ. ಫ್ರಿಜ್ ಆಗಿ 4 ಡಿಗ್ರಿಗೆ ಇಟ್ಟರೆ ಗಂಟೆಗೆ 15–20 ನಿಮಿಷ ಓಡಿ ಸುಮ್ಮನಾಗುತ್ತದೆ. ಮೈನಸ್ 18ಕ್ಕೆ ಇಟ್ಟರೆ ಅದೇ ಡಬ್ಬಿ ಬಿಸಿಲಿನ ದಿನ ಗಂಟೆಗೆ 30–40 ನಿಮಿಷ ಓಡುತ್ತದೆ. ದಿನಕ್ಕೆ 50–60 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಚಾರ್ಜಿನ ಅಳತೆ) ಹೋಯಿತು ಅಂದುಕೊಳ್ಳಿ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದೂವರೆ ದಿನ ಹೊರುತ್ತದೆ. ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಒಂದು ದಿನವೂ ಕಷ್ಟ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯ ತಂಟೆಗೆ ಮಾತ್ರ ಹೋಗಬೇಡಿ. ಎರಡನೇ ಬ್ಯಾಟರಿ ಮತ್ತು ಗಾಡಿ ಓಡುವಾಗ ಅದನ್ನು ತುಂಬುವ 25 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಎರಡು ಗಂಟೆಯ ಓಟದಲ್ಲಿ ಫ್ರೀಜರಿನ ಒಂದು ದಿನದ ಊಟ ವಾಪಸ್ ತುಂಬುತ್ತದೆ. ಗಾಡಿ ಒಂದೇ ಕಡೆ ನಿಲ್ಲುವ ದಿನಗಳಿಗೆ 200 ವ್ಯಾಟ್ ಸೋಲಾರ್ ಬೇಕು, 100 ವ್ಯಾಟ್ ಫ್ರಿಜ್‌ಗೆ ಸಾಕು, ಫ್ರೀಜರಿಗೆ ಸಾಲದು. ಇನ್ವರ್ಟರ್ ಹಾಕಿ ಎಸಿ ಪ್ಲಗ್ಗಿನಿಂದ ಓಡಿಸುವುದು ಶುದ್ಧ ದಂಡ: ಡಿಸಿಯನ್ನು ಎಸಿ ಮಾಡಿ, ಡಬ್ಬಿಯೊಳಗೆ ಮತ್ತೆ ಡಿಸಿ ಮಾಡುವಷ್ಟರಲ್ಲಿ ಎರಡು ಕಡೆ ಸೋರಿಕೆ.

ಡಬ್ಬಿ ಚೆನ್ನಾಗಿದ್ದೂ ಫ್ರೀಜರ್ ಸೋಲುವುದು ವೈರಿನಲ್ಲಿ. ಮುಂದಿನ ಬ್ಯಾಟರಿಯಿಂದ ಡಿಕ್ಕಿಗೆ 6 ಮೀಟರ್, ಹೋಗಿ ಬರುವ ದಾರಿ 12 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 5 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.7 ವೋಲ್ಟ್ ಬಿದ್ದುಹೋಗುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ ಬೀಳುವುದು 0.17 ಮಾತ್ರ. ಬ್ಯಾಟರಿಯಲ್ಲಿ 12.3 ಇದ್ದರೂ ತೆಳು ವೈರಿನ ಕೊನೆಯಲ್ಲಿ ಫ್ರೀಜರಿಗೆ ಕಾಣುವುದು 11.6. ವೋಲ್ಟೇಜ್ ಇಳಿದಾಗ ಡಬ್ಬಿಯನ್ನು ಆರಿಸುವ ಬ್ಯಾಟರಿ ರಕ್ಷಣೆಯ ಸೆಟ್ಟಿಂಗ್ 'ಹೈ'ನಲ್ಲಿದ್ದರೆ, ಅದು ಹಲವು ಮಾದರಿಗಳಲ್ಲಿ 11.8ರ ಆಸುಪಾಸು, ಬ್ಯಾಟರಿ ಖಾಲಿ ಎಂದುಕೊಂಡು ಡಬ್ಬಿ ಆರಿಹೋಗುತ್ತದೆ. ಹೊರೆ ಇಳಿದ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ, ಮತ್ತೆ ಆರುತ್ತದೆ. ರಾತ್ರಿಯೆಲ್ಲ ಇದೇ ಆಟ ನಡೆದು ಬೆಳಿಗ್ಗೆ ಆಹಾರ ಮೆತ್ತಗೆ. ಸಿಗರೇಟ್ ಲೈಟರ್ ಸಾಕೆಟ್ ಈ ರೋಗಕ್ಕೆ ಇನ್ನೊಂದು ಕಾರಣ: ಕುಲುಕಾಟಕ್ಕೆ ಪ್ಲಗ್ ಸಡಿಲವಾಗುತ್ತದೆ, ತುದಿ ಬಿಸಿಯಾಗಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಮುಟ್ಟಿ ನೋಡಿ, ಸುಡುತ್ತಿದ್ದರೆ ಅಲ್ಲೇ ವೋಲ್ಟೇಜ್ ಸೋರುತ್ತಿದೆ. ಬ್ಯಾಟರಿಯ ಬುಡದಲ್ಲೇ 15 ಆಂಪಿಯರ್ ಫ್ಯೂಸ್, ಅಲ್ಲಿಂದ 6 ಚದರ ಮಿಲಿಮೀಟರ್ ವೈರ್, ಕೊನೆಗೆ ಕುಲುಕಾಟಕ್ಕೆ ಸಡಿಲವಾಗದ ಆಂಡರ್ಸನ್ ಪ್ಲಗ್; ಇಷ್ಟು ಮಾಡಿಸಿದರೆ ಅರ್ಧ ತಲೆನೋವು ಕಡಿಮೆ. ಲೀಟರು, ಬ್ಲೂಟೂತು ಅಂತ ಹೆಚ್ಚು ಕೊಡುವ ದುಡ್ಡನ್ನು ಇಲ್ಲಿ ಹಾಕಿ.

ಸೀಕಾಪ್ ಬಿಡಿ ಸರಣಿಯ ಕಂಟ್ರೋಲರಿಗೆ ಎಲ್‌ಇಡಿ ಜೋಡಿಸಿದ್ದರೆ ಅದು ಮಿನುಗುವ ಲೆಕ್ಕದಿಂದಲೇ ಕಾಯಿಲೆ ತಿಳಿಯುತ್ತದೆ. ಒಮ್ಮೆ ಮಿನುಗಿದರೆ ವೋಲ್ಟೇಜ್ ಸಾಲದು, ಎರಡು ಸಲ ಎಂದರೆ ಫ್ಯಾನ್ ಹೆಚ್ಚು ಕರೆಂಟ್ ಎಳೆಯುತ್ತಿದೆ, ಮೂರು ಎಂದರೆ ಮೋಟಾರ್ ಶುರುವಾಗುತ್ತಿಲ್ಲ, ನಾಲ್ಕು ಎಂದರೆ ಹೊರೆ ಹೆಚ್ಚಾಗಿ ವೇಗ ಹಿಡಿಯುತ್ತಿಲ್ಲ, ಐದು ಎಂದರೆ ಎಲೆಕ್ಟ್ರಾನಿಕ್ಸ್ ಬಿಸಿಯಾಗಿದೆ. ಐದು ಕಂಡರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಗಾಳಿಯ ಜಾಲರಿ ನೋಡಿ. ಬಹುಶಃ ಯಾರೋ ಅದಕ್ಕೆ ಒತ್ತಿ ಹಾಸಿಗೆ ಇಟ್ಟಿರುತ್ತಾರೆ. ಜಾಲರಿಯ ಎದುರು ಒಂದು ಗೇಣಾದರೂ ಜಾಗ ಬೇಕು, ಬಿಸಿ ಗಾಳಿ ಹೊರಗೆ ಹೋಗಲು ದಾರಿಯೂ ಬೇಕು. ಹವಾಮಾನದ ಲೆಕ್ಕದಲ್ಲಿ 'ಟಿ' ದರ್ಜೆಯ ಡಬ್ಬಿ 43 ಡಿಗ್ರಿವರೆಗಿನ ವಾತಾವರಣಕ್ಕೆ ಮಾಡಿದ್ದು. ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಅದಕ್ಕಿಂತ ಹೆಚ್ಚು ಕಾವು ಸುಲಭವಾಗಿ ಏರುತ್ತದೆ.

ಪವರ್ ಸ್ಟೇಷನ್ (ಹೊತ್ತೊಯ್ಯಬಹುದಾದ ದೊಡ್ಡ ಬ್ಯಾಟರಿ ಪೆಟ್ಟಿಗೆ) ಇರುವವರು ಅದರ ಕರೆಂಟ್ ಉಳಿಸುವ ಇಕೋ ಮೋಡನ್ನು ಆಫ್ ಮಾಡಿಡಿ. ಕಂಪ್ರೆಸರ್ ವಿಶ್ರಾಂತಿಗೆ ಹೋದಾಗ ಹೊರೆ ಇಲ್ಲವೆಂದು ತಿಳಿದು ಎಷ್ಟೋ ಪವರ್ ಸ್ಟೇಷನ್‌ಗಳು 12 ವೋಲ್ಟ್ ಪೋರ್ಟನ್ನೇ ಮುಚ್ಚಿಬಿಡುತ್ತವೆ, ಮತ್ತೆ ತಾವಾಗಿ ತೆರೆಯುವುದಿಲ್ಲ.

ಎರಡು ಕೋಣೆಯ ಮಾದರಿಗಳ ಬಗ್ಗೆ ನಮಗೆ ಅಷ್ಟು ಉತ್ಸಾಹವಿಲ್ಲ. ಒಂದೇ ಕಂಪ್ರೆಸರ್ ಎರಡು ಕಡೆ ನೋಡಬೇಕು; ಹೊರಗೆ ಕಾವು ಏರಿದಾಗ ಫ್ರೀಜರ್ ಬದಿ ಮೈನಸ್ 12ರಲ್ಲೇ ಏದುಸಿರು ಬಿಡಬಹುದು. ನಡುವಿನ ಗೋಡೆ ತೆಳುವಾಗಿದ್ದರೆ ಫ್ರಿಜ್ ಬದಿಯ ಸೊಪ್ಪು ಗೋಡೆಗೆ ತಾಗಿದ ಕಡೆ ಗಾಜಿನಂತಾಗುತ್ತದೆ. ಜಾಗವಿದ್ದರೆ 35–40 ಲೀಟರಿನ ಎರಡು ಬೇರೆ ಬೇರೆ ಡಬ್ಬಿಗಳೇ ವಾಸಿ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ತುಂಬಿದ 50 ಲೀಟರ್ ಡಬ್ಬಿ 50 ಕೆಜಿ ತೂಗಬಹುದು, ಬ್ರೇಕ್ ಹಾಕಿದಾಗ ಮುಂದಿನ ಸೀಟಿಗೆ ನುಗ್ಗದಂತೆ ಗಾಡಿಯ ಕೊಂಡಿಗಳಿಗೆ ರ‍್ಯಾಚೆಟ್ ಪಟ್ಟಿಯಿಂದ ಬಿಗಿಯಿರಿ.

ಪರದೆಯ ಮೇಲಿನ ಅಂಕಿ ಸೆನ್ಸರ್ ಕೂತ ಜಾಗದ್ದು ಮಾತ್ರ. ತಳಕ್ಕಿಂತ ಬುಟ್ಟಿಯ ಮೇಲ್ಪದರ ಬೆಚ್ಚಗಿರುತ್ತದೆ, ಒಳಗೆ ಕಂಪ್ರೆಸರ್ ಮೇಲೆ ಮೆಟ್ಟಿಲಿನಂತೆ ಎತ್ತರವಾಗಿರುವ ಜಾಗ ಇನ್ನೂ ಬೆಚ್ಚಗೆ. ಕನಿಷ್ಠ-ಗರಿಷ್ಠ ನೆನಪಿಡುವ ಥರ್ಮಾಮೀಟರನ್ನು ಮೇಲ್ಪದರದಲ್ಲಿಡಿ. ಅದಿಲ್ಲದಿದ್ದರೆ ಪುಟ್ಟ ಲೋಟದಲ್ಲಿ ಐಸ್ ಕಟ್ಟಿಸಿ ಮೇಲೆ ನಾಣ್ಯ ಇಡಿ. ನಾಣ್ಯ ತಳ ಸೇರಿದ್ದರೆ ನಡುವೆ ಎಂದೋ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ಕರಗಿದ್ದು ಕಂಡ ತಕ್ಷಣ ಎಲ್ಲವನ್ನೂ ಎಸೆಯಬೇಕಿಲ್ಲ. ಒಳಗೆ ಇನ್ನೂ ಐಸಿನ ಹರಳುಗಳಿದ್ದರೆ, ಅಥವಾ ಆಹಾರ 4 ಡಿಗ್ರಿ ದಾಟಿರದಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ರುಚಿ, ಹದ ಸ್ವಲ್ಪ ಕೆಡುತ್ತದೆ ಅಷ್ಟೇ. ಅದಕ್ಕಿಂತ ಬೆಚ್ಚಗೆ ಎರಡು ಗಂಟೆಗೂ ಹೆಚ್ಚು ಹೊತ್ತು ಇದ್ದ ಮಾಂಸ, ಮೀನು, ಬೇಯಿಸಿದ ಅಡುಗೆಯನ್ನು, ವಾಸನೆ ಸರಿಯಿದ್ದರೂ, ಬಿಸಾಡಿ.