ಕುರ್ಡಿ ಮೀನಿಗೆ ತೇಲುವ ಫೀಡ್: ಎರಡು ವರ್ಷ ಹಾಕಿ ನೋಡಿದ ಮೇಲೆ

ಗಂಗೊಳ್ಳಿ ಹತ್ತಿರ ಪಂಚಗಂಗಾವಳಿ ಹಿನ್ನೀರಿನಲ್ಲಿ ಮೀನು ಸಾಕುವ ಬಲೆಯ ಪಂಜರ ನಮ್ಮದೊಂದು ಇದೆ. ಸಾವಿರ ಕುರ್ಡಿ (ಸೀಬಾಸ್) ಮರಿ ಬಿಡುವಷ್ಟು ಜಾಗ. ಮೊದಲೆಲ್ಲ ಬಂದರಿನಿಂದ ಬೈಗೆ (ಬೂತಾಯಿ) ಮೀನು ತಂದು, ಕತ್ತರಿಸಿ ಹಾಕುತ್ತಿದ್ದೆವು. ಎರಡು ವರ್ಷದಿಂದ ಪೂರ್ತಿ ತೇಲುವ ಫೀಡ್, ಅಂದರೆ ನೀರಿನ ಮೇಲೆ ತೇಲುವ ಕಾಳಿನಂಥ ಕಂಪನಿ ಆಹಾರ.

ಫೀಡ್ ಚೆನ್ನಾಗಿದೆ. ನನ್ನ ಸಿಟ್ಟೆಲ್ಲ ಚೀಲದ ಜೊತೆ ಕೊಡುವ ಚಾರ್ಟ್ ಮೇಲೆ.

ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4 ಅಂತ ಅದರಲ್ಲಿದೆ. ಮೀನಿನ ತೂಕಕ್ಕೆ ಇಷ್ಟು ಗ್ರಾಂ ಅಂತಲೂ ಇದೆ. ಮೊದಲ ವರ್ಷ ಗಡಿಯಾರ ನೋಡಿಕೊಂಡು ಅಷ್ಟೂ ಹಾಕಿದೆ. ಮಧ್ಯಾಹ್ನದ ಬಿಸಿಲಿಗೆ ಕುರ್ಡಿ ಮೇಲೆ ಬರುವುದೇ ಇಲ್ಲ. ಕಡಲ ಇಳಿತಕ್ಕೆ ನೀರು ಇಳಿಯುವ ಹೊತ್ತಾದರೆ ಸೆಳೆತಕ್ಕೆ ಕಾಳು ಪಂಜರ ದಾಟಿ ಹೋಗುತ್ತದೆ. ಆ ವರ್ಷ 1 ಕೆಜಿ ಮೀನಿಗೆ 2.4 ಕೆಜಿ ಫೀಡ್ ಹೋಯಿತು. ಹನ್ನೆರಡು ತಿಂಗಳಿಗೆ ಸರಾಸರಿ ತೂಕ 820 ಗ್ರಾಂ. ಕೆಜಿಗೆ 110 ರೂಪಾಯಿ ಕೊಟ್ಟು ತಂದ ಫೀಡ್ ಹೊಳೆಪಾಲಾಗುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಆದರೆ ಹೀಗೆ ಹಾಳಾಗುತ್ತಿದೆ ಅಂತ ನನಗೆ ತೋರಿಸಿದ್ದೂ ಇದೇ ಫೀಡ್. ಕತ್ತರಿಸಿದ ಬೈಗೆ ಸೀದಾ ಮುಳುಗುತ್ತದೆ, ತಿಂದವೋ ಬಿಟ್ಟವೋ ಗೊತ್ತಾಗುವುದಿಲ್ಲ. ಇದು ತೇಲುತ್ತದೆ, ಉಳಿದರೆ ಕಣ್ಣಿಗೆ ಕಾಣುತ್ತದೆ.

ಎರಡನೇ ವರ್ಷ ಚಾರ್ಟ್ ಬದಿಗಿಟ್ಟೆ. ಮರಿಗಳು ಸಣ್ಣದಿದ್ದಾಗ ದಿನಕ್ಕೆ ನಾಲ್ಕು ಸಲ, ಆಮೇಲೆ ಎರಡೇ ಸಲ. ನಸುಕಿಗೊಮ್ಮೆ, ಮುಸ್ಸಂಜೆಗೊಮ್ಮೆ. ಅದರಲ್ಲೂ ನೀರಿನ ಸೆಳೆತ ನಿಂತ ಹೊತ್ತು ನೋಡಿ, ಅರ್ಧ ಗಂಟೆ ಹಿಂದೆ ಮುಂದೆ ಮಾಡುತ್ತೇವೆ. ಪಂಜರದೊಳಗೆ ಪೈಪಿನ ಚೌಕಟ್ಟು ತೇಲಿಬಿಟ್ಟು ಅದಕ್ಕೆ ಸೊಳ್ಳೆಪರದೆ ಸುತ್ತಿದ್ದೇವೆ. ಕಾಳು ಆಚೆ ಹೋಗುವುದಿಲ್ಲ.

ನಸುಕಿನ ಆ ಹೊತ್ತು ನನಗೆ ತುಂಬಾ ಇಷ್ಟ. ದೋಣಿ ಕಟ್ಟಿ ಟಾರ್ಚ್ ಬಿಟ್ಟರೆ ನೀರಿನಡಿ ಕೆಂಡದ ಹಾಗೆ ಕಣ್ಣುಗಳು. ಮೊದಲ ಬೊಗಸೆ ಬಿದ್ದ ಕೂಡಲೇ ಟಪ್ ಟಪ್ ಅಂತ ಸದ್ದು, ಮುಖಕ್ಕೆಲ್ಲ ನೀರು. ಮುಂದೆ ಬರುವುದು ದೊಡ್ಡವು. ಒಂದೇ ಮೂಲೆಗೆ ಹಾಕಿದರೆ ಅವೇ ತಿಂದು ಇನ್ನೂ ದೊಡ್ಡವಾಗುತ್ತವೆ, ಸಣ್ಣವು ಹಿಂದೆ ಬೀಳುತ್ತವೆ. ಕಡೆಗೆ ಸಣ್ಣದನ್ನು ದೊಡ್ಡದು ನುಂಗುತ್ತದೆ. ಕುರ್ಡಿಯ ಬುದ್ಧಿಯೇ ಹಾಗೆ ಅಲ್ವಾ? ಅದಕ್ಕೇ ಸುತ್ತಲೂ ಬೀರುತ್ತೇನೆ, ಮರಿಗಳನ್ನು ಆಗಾಗ ಗಾತ್ರ ನೋಡಿ ಬೇರೆ ಮಾಡುತ್ತೇವೆ. ನಾಲ್ಕು ಕಾಳು ತೇಲುತ್ತಾ ಉಳಿದರೆ ಹೆಂಡತಿ ಹಿಂದಿನಿಂದ, "ಹ್ವಾಯ್, ಸಾಕ್. ಇನ್ ತಿಂತಿಲ್ಲೆ" ಅನ್ನುತ್ತಾಳೆ. ಅಲ್ಲಿಗೆ ಡಬ್ಬಿ ಮುಚ್ಚಳ ಹಾಕುತ್ತೇನೆ.

ಈ ವರ್ಷ 1 ಕೆಜಿ ಮೀನಿಗೆ 1.8 ಕೆಜಿ ಫೀಡ್ ಸಾಕಾಯಿತು. ಸರಾಸರಿ ತೂಕ 950 ಗ್ರಾಂ. ಅದೇ ಕಂಪನಿ, ಅದೇ ಚೀಲ.

ಮಳೆಗಾಲದ ಬಗ್ಗೆಯೂ ಚಾರ್ಟಿನಲ್ಲಿ ಒಂದಕ್ಷರ ಇಲ್ಲ. ಜುಲೈಯಲ್ಲಿ ಕೆಂಪು ನೀರು ಬಂದು ಉಪ್ಪು ಇಳಿದಾಗ ಮೀನು ಅರ್ಧ ಹೊಟ್ಟೆಯೂ ತಿನ್ನುವುದಿಲ್ಲ. ಕುರ್ಡಿ ಸಿಹಿನೀರನ್ನೂ ತಡೆದುಕೊಳ್ಳುತ್ತದೆ, ಸಾಯುವುದಿಲ್ಲ. ಹಸಿವು ಮಾತ್ರ ಇರುವುದಿಲ್ಲ. ಆಗ ಚಾರ್ಟಿನಂತೆ ಹಾಕಿದರೆ ದುಡ್ಡೂ ಹಾಳು, ನೀರೂ ಹಾಳು. ಚೀಲ ಬಿಚ್ಚಿ ವಾರ ಬಿಟ್ಟರೆ ಬೂಷ್ಟು ಬೇರೆ. ನಾನು ಮುಚ್ಚಳ ಬಿಗಿಯಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದಿಡುತ್ತೇನೆ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಬೈಗೆ ಕೆಜಿಗೆ 30 ರೂಪಾಯಿಗೆ ಸಿಕ್ಕರೆ, 1 ಕೆಜಿ ಕುರ್ಡಿಗೆ 6 ಕೆಜಿ ಬೇಕು, 180 ರೂಪಾಯಿ. ಫೀಡಿಗೆ 198. ಹದಿನೆಂಟು ರೂಪಾಯಿ ಜಾಸ್ತಿಯೇ. ಆದರೆ ಐಸ್ ಬೇಡ, ಕತ್ತರಿಸುವ ಕೆಲಸ ಇಲ್ಲ. ಮೇಲಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ದುಡ್ಡು ಕೊಟ್ಟರೂ ಬೈಗೆ ಸಿಗುವುದು ಕಷ್ಟ. ಹಾಗಾಗಿ ಈ ಸಲವೂ ಮೇ ಕೊನೆಗೆ ಹತ್ತು ಚೀಲ ತರಲು ಹೇಳಿದ್ದೇನೆ.