ವಾಟ್ಸಾಪ್ ಸುದ್ದಿ ನಂಬಿ ಶೇರು ಕೊಂಡೆ, 24 ಸಾವಿರ ಹೋಯಿತು

ರೋಬಸ್ಟಾ ಕಾಫಿ ಚೆರಿ ಮಾರಿದ ದುಡ್ಡು ಆಗಷ್ಟೇ ಬ್ಯಾಂಕಿಗೆ ಬಂದಿತ್ತು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ತಿಂಡಿ ತಿನ್ನುತ್ತಾ ಕೂತಿದ್ದೆ. ಮನೆಯವರ ಗ್ರೂಪಿಗೆ ಭಾವ ಒಂದು ಸುದ್ದಿ ಹಾಕಿದರು. ಯಾವುದೋ ಸಣ್ಣ ಕಂಪನಿಗೆ 90 ಕೋಟಿಯ ಆರ್ಡರ್ ಸಿಕ್ಕಿದೆಯಂತೆ, ಶೇರು ಹಾರುತ್ತದಂತೆ.

9:15ಕ್ಕೆ ಮಾರ್ಕೆಟ್ ತೆರೆಯುತ್ತಿದ್ದ ಹಾಗೇ 600 ಶೇರು ಕೊಂಡೆ. ರೇಟು ನಮೂದಿಸಲಿಲ್ಲ, ಸಿಕ್ಕ ರೇಟಿಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಒತ್ತಿಬಿಟ್ಟೆ. ಹಿಂದಿನ ದಿನ 140 ರೂಪಾಯಿ ಇದ್ದದ್ದು ನನಗೆ ಸಿಕ್ಕಿದ್ದು 166ಕ್ಕೆ. ಸಂಜೆ 147ಕ್ಕೆ ನಿಂತಿತು.

ಆಮೇಲೆ ಶುರುವಾಯಿತು ನೋಡಿ. ಮಾರನೇ ದಿನದಿಂದ ಷೇರುಪೇಟೆಯವರು ಆ ಶೇರಿನ ದಿನದ ಏರಿಳಿತದ ಮಿತಿಯನ್ನು ಶೇ. 5ಕ್ಕೆ ಇಳಿಸಿದರು. ಮೂರು ದಿನ ಸತತ ಲೋವರ್ ಸರ್ಕ್ಯೂಟ್, ಅಂದರೆ ಆ ದಿನ ಇಳಿಯಬಹುದಾದಷ್ಟೂ ಇಳಿದು ನಿಲ್ಲುವುದು. ಮಾರೋಣ ಅಂದರೆ ಕೊಳ್ಳುವವರೇ ಇಲ್ಲ! ನಾಲ್ಕನೇ ದಿನ 126ಕ್ಕೆ ಮಾರಿ ಕೈ ತೊಳೆದುಕೊಂಡೆ.

ಅವತ್ತು ರಾತ್ರಿ ಷೇರುಪೇಟೆಯ ವೆಬ್‌ಸೈಟಿನಲ್ಲಿ ಕಂಪನಿಯ ಪ್ರಕಟಣೆ ಹುಡುಕಿದೆ. ಇಂಥ ಸುದ್ದಿಯನ್ನು ಕಂಪನಿ ಮೊದಲು ಅಲ್ಲೇ ತಿಳಿಸಬೇಕು, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಎರಡೇ ಪುಟ. 90 ಕೋಟಿ ನಿಜ, ಆದರೆ ಐದು ವರ್ಷಕ್ಕೆ. ಅಂದರೆ ವರ್ಷಕ್ಕೆ 18 ಕೋಟಿ. ಕಂಪನಿಯ ವಾರ್ಷಿಕ ವಹಿವಾಟೇ 400 ಕೋಟಿ! ಹಾಕಿದ್ದೂ ನಾನು ಕೊಳ್ಳುವ ಹಿಂದಿನ ಸಂಜೆಯೇ. ನಾನು ಎದ್ದು ಹಲ್ಲುಜ್ಜುವ ಹೊತ್ತಿಗೆ ಓದಬೇಕಾದವರೆಲ್ಲ ಓದಿ ಮುಗಿಸಿದ್ದರು.

2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಹಾಳಾಗಿ ಕಾಫಿ ರೇಟು ಏರಿತಲ್ಲ, ಆಗ ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸಿದವನು ನಾನು. ಮೂಟೆಗೆ 50 ರೂಪಾಯಿ ಜಾಸ್ತಿ ಸಿಗಲಿ ಅಂತ ವಾರಗಟ್ಟಲೆ ಕಾಯುವವನು. ಒಂದು ಲಕ್ಷವನ್ನು ಮಾತ್ರ ಹತ್ತು ಸೆಕೆಂಡಿನಲ್ಲಿ ಹಾಕಿದೆ.

ಈಗ ಸುದ್ದಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮೊದಲು ಪ್ರಕಟಣೆ ಓದುತ್ತೇನೆ. ಲಾಭಕ್ಕೆ ಎಷ್ಟು ಸೇರುತ್ತದೆ, ಎಷ್ಟು ವರ್ಷಕ್ಕೆ, ರೇಟು ಆಗಲೇ ಎಷ್ಟು ಏರಿದೆ ಅಂತ ನೋಡುತ್ತೇನೆ. ಕೊಂಡರೂ ಇಷ್ಟಕ್ಕಿಂತ ಹೆಚ್ಚು ಕೊಡೆನೆಂದು ರೇಟು ನಮೂದಿಸುವ ಲಿಮಿಟ್ ಆರ್ಡರ್ ಮಾತ್ರ. ಪ್ರಕಟಣೆಯೇ ಇಲ್ಲದಿದ್ದರೆ ಗಾಳಿಸುದ್ದಿ ಅಂತ ಬಿಟ್ಟುಬಿಡಿ. ಮಾಧ್ಯಮದ ವದಂತಿಗೆ ಹೌದೋ ಅಲ್ಲವೋ ಹೇಳಲೇಬೇಕೆಂಬ, ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಇರುವುದು ದೊಡ್ಡ 250 ಕಂಪನಿಗಳಿಗೆ. ಸಣ್ಣವಕ್ಕೆ ಆ ನಿಯಮ ಇಲ್ಲ.

ಕೊನೆಗೆ ಭಾವನಿಗೆ ಫೋನ್ ಮಾಡಿ, "ನಿಮಗೆಷ್ಟು ಹೋಯಿತು ಭಾವ?" ಅಂದೆ.

"ನಾನೆಲ್ಲಿ ತಗೊಂಡೆ ಮಾರಾಯ? ಬಂದದ್ದನ್ನು ಹಾಗೇ ಕಳಿಸಿದ್ದಷ್ಟೇ," ಅಂದರು.